ಶಾಲೆ ಮುಚ್ಚಿದಾಗ: ಮುಂಬಯಿಯ ಕನ್ನಡ ಮಕ್ಕಳ ಕಲಿಕೆಯ ಇತಿಹಾಸ

2020ರ ಮಾರ್ಚ್ ನಡುವಿನಲ್ಲಿ ಮುಚ್ಚಿದ ಮುಂಬಯಿಯ ಪ್ರಾಥಮಿಕ ಶಾಲೆಗಳು ಮತ್ತೆ ತೆರೆದದ್ದು 2021ರ ಡಿಸೆಂಬರ್ 15ರಂದು. ಅಂದರೆ ಒಂದರಿಂದ ಏಳನೆಯ ತರಗತಿಯವರೆಗಿನ ಮಕ್ಕಳು ಇಪ್ಪತ್ತೊಂದು ತಿಂಗಳ ಕಾಲ ಬೆಂಚು, ಕರಿಹಲಗೆ, ಗೆಳೆಯರು, ಮಧ್ಯಾಹ್ನದ ಊಟ ಎಲ್ಲದರಿಂದಲೂ ದೂರ ಉಳಿದರು. ಈ ಅವಧಿಯನ್ನು ಕುರಿತು ಬಂದ ಬರಹಗಳಲ್ಲಿ ಹೆಚ್ಚಿನವು ಅದನ್ನು ಮೊಬೈಲು, ಇಂಟರ್ನೆಟ್ಟು, ಆ್ಯಪುಗಳ ಕಥೆಯಾಗಿಯೇ ಹೇಳಿವೆ. ಆದರೆ ಶಾಲೆಯ ಕೋಣೆಗೆ ಕಾಲಿಡಲಾಗದ ಮಗುವಿಗೆ ಅದು ಇರುವ ಕಡೆಗೇ, ಅದಕ್ಕೆ ಬಿಡುವಾದ ಹೊತ್ತಿಗೇ ಪಾಠವನ್ನು ಒಯ್ಯುವ ಯತ್ನ ಈ ನಗರಕ್ಕೆ ಹೊಸದಲ್ಲ. ಅಲ್ಲಿನ ಕನ್ನಡಿಗರ ಮಟ್ಟಿಗಂತೂ ಅದು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ನಡೆದುಬಂದ ಕೆಲಸ. ಆ ಹಳೆಯ ಯತ್ನಗಳನ್ನೂ ಕೊರೋನಾ ಕಾಲದ ಯತ್ನಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಪಾಠವನ್ನು ಹೊತ್ತು ತಂದ ಸಲಕರಣೆ ಯಾವುದೇ ಇರಲಿ, ಮಗುವಿನ ಭಾಷೆಯನ್ನೂ ಅದರ ಮನೆಯ ದುಡಿಮೆಯ ಹೊತ್ತುಗೊತ್ತನ್ನೂ ಬಲ್ಲ ಶಿಕ್ಷಕರು ಇದ್ದಲ್ಲಿ ಮಾತ್ರ ಅದು ಮಗುವನ್ನು ಮುಟ್ಟಿದೆ.

ಸಾಂಕ್ರಾಮಿಕ ರೋಗವೊಂದು ಮುಂಬಯಿಯ ದಿನಚರಿಯನ್ನೇ ಬುಡಮೇಲು ಮಾಡಿದ ಹಿಂದಿನ ದೊಡ್ಡ ಪ್ರಸಂಗವೆಂದರೆ 1896ರ ಪ್ಲೇಗು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದರಿಗೆ ಹತ್ತಿರದ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಎಂಬ ವೈದ್ಯರು ಈ ರೋಗವನ್ನು ಗುರುತಿಸಿದರು. 1891ರ ಜನಗಣತಿಯಲ್ಲಿ ಎಂಟು ಲಕ್ಷ ಮೀರಿದ್ದ ನಗರದಿಂದ ಮುಂದಿನ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮ್ಮ ತಮ್ಮ ಊರುಗಳಿಗೆ ಓಡಿಹೋದರು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಹುಟ್ಟಿದ್ದು ಆಗಲೇ. 2020ರಲ್ಲಿ ಶಾಲೆಗಳಿಗೆ ಬೀಗ ಹಾಕಿಸಿದ್ದೂ ಅದೇ ಕಾಯ್ದೆಯ ಅಧಿಕಾರ. ಪ್ಲೇಗಿನ ಕಾಲದಲ್ಲಿ ‘ಮಕ್ಕಳ ಕಲಿಕೆ ನಿಲ್ಲಬಾರದು’ ಎಂಬ ಚಿಂತೆ ಆಡಳಿತವನ್ನು ಬಹಳವಾಗಿ ಕಾಡಿದಂತೆ ತೋರುವುದಿಲ್ಲ. ಪ್ರಾಥಮಿಕ ಶಿಕ್ಷಣದ ಹೊಣೆಯನ್ನು 1888ರ ಮುಂಬಯಿ ನಗರಪಾಲಿಕೆ ಕಾಯ್ದೆ ಪಾಲಿಕೆಯ ಮೇಲೆ ಹೊರಿಸಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ದುಡಿಯುವವರ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಶಾಲೆಗೆ ಹೋಗದ ಮಗುವಿಗೆ ಶಾಲೆ ಮುಚ್ಚಿದ್ದು ತಿಳಿಯುವುದಾದರೂ ಹೇಗೆ?

ಇದೇ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನೂ ಹೊಕ್ಕಿತು. ಇಲಿ ಸತ್ತು ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಅಲ್ಲಿನ ರೂಢಿಯಾಯಿತು. ಕನ್ನಡ ನಾಡಿನಲ್ಲಿ ಆಗ ಸರ್ಕಾರಿ ಶಾಲೆಗಳ ಜೊತೆಗೆ ಕೂಲಿಮಠಗಳೂ ಉಳಿದಿದ್ದವು. ಕೂಲಿಮಠವೆಂದರೆ ಅಯ್ಯಗಳು ಮನೆಯ ಜಗುಲಿಯ ಮೇಲೋ ಗುಡಿಯ ಪಡಸಾಲೆಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಕಾಳುಕಡಿಯನ್ನೋ ಚಿಲ್ಲರೆ ಕಾಸನ್ನೋ ಪಡೆದು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ ಖಾಸಗಿ ಪಾಠಶಾಲೆ. ಮರಾಠಿ ಸೀಮೆಯಲ್ಲಿ ಇದಕ್ಕೆ ಸಾಟಿಯಾದುದು ಪಂತೋಜಿಯ ಶಾಲೆ. ಅದಕ್ಕೆ ಕಟ್ಟಡದ ಹಂಗಿರಲಿಲ್ಲ, ಅಯ್ಯಗಳು ಕುಳಿತಲ್ಲೇ ಶಾಲೆ. ಪಠ್ಯಕ್ರಮ, ತಪಾಸಣೆ, ಪರೀಕ್ಷೆಗಳುಳ್ಳ ಸರ್ಕಾರಿ ಶಾಲೆ ಹಲವು ರೀತಿಯಲ್ಲಿ ಇದಕ್ಕಿಂತ ಮೇಲಾದುದೆಂಬುದು ನಿಜವೇ; ಎಲ್ಲ ಜಾತಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯುವ ಭರವಸೆ ಬಂದದ್ದು ಸರ್ಕಾರಿ ಶಾಲೆಯಿಂದಲೇ ಹೊರತು ಕೂಲಿಮಠದಿಂದಲ್ಲ. ಆದರೆ ಕಟ್ಟಡಕ್ಕೆ ಅಂಟಿಕೊಂಡ ಶಾಲೆ ಕಟ್ಟಡ ಮುಚ್ಚಿದೊಡನೆ ನಿಂತುಹೋಗುತ್ತದೆಂಬ ಹೊಸ ತೊಡಕೂ ಅದರೊಂದಿಗೇ ಬಂದಿತು.

ಮುಂಬಯಿಯ ಕನ್ನಡ ಮಕ್ಕಳ ಮಟ್ಟಿಗೆ ಶಾಲೆಯ ಬಾಗಿಲನ್ನು ಬಹುಕಾಲ ಮುಚ್ಚಿದ್ದು ರೋಗವಲ್ಲ, ದುಡಿಮೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ದಕ್ಷಿಣ ಕನ್ನಡ ಜಿಲ್ಲೆಯ ಹುಡುಗರು, ಹಲವರು ಹನ್ನೆರಡು ಹದಿಮೂರರ ಎಳೆಯ ವಯಸ್ಸಿನಲ್ಲೇ, ಹಡಗಿನಲ್ಲೋ ಘಟ್ಟ ಹತ್ತಿ ರೈಲಿನಲ್ಲೋ ಮುಂಬಯಿಗೆ ಬರತೊಡಗಿದರು. ಊರಿನಲ್ಲಿ ನಾಲ್ಕೋ ಐದೋ ತರಗತಿ ಓದಿದ ಅವರಿಗೆ ಸಿಗುತ್ತಿದ್ದ ಮೊದಲ ಕೆಲಸ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು. ಅದರಿಂದ ಮೇಜು ಒರೆಸುವ ಕೆಲಸಕ್ಕೆ, ಅಲ್ಲಿಂದ ಸಪ್ಲಾಯರನ ಕೆಲಸಕ್ಕೆ, ಕೊನೆಗೆ ಗಲ್ಲಾದ ಮೇಲೆ ಕುಳಿತು ಹಣ ಎಣಿಸುವ ಜಾಗಕ್ಕೆ ಏರುವುದು ಅವರ ಕನಸು. ಈ ಏಣಿಯ ಕೊನೆಯ ಮೆಟ್ಟಿಲುಗಳಿಗೆ ಲೆಕ್ಕವೂ ಒಂದಿಷ್ಟು ಇಂಗ್ಲಿಷೂ ಬೇಕಿತ್ತು. ಬಂದರಿನಲ್ಲಿ, ಮೀನುಗಾರಿಕೆಯಲ್ಲಿ, ಕಚೇರಿಗಳ ಜವಾನಗಿರಿಯಲ್ಲಿ ಇದ್ದವರಿಗೂ ಅಷ್ಟೇ: ಗುಮಾಸ್ತನಾಗಬೇಕಾದರೆ ಮೆಟ್ರಿಕ್ ಆಗಿರಬೇಕು. ಆದರೆ ಹಗಲು ಶಾಲೆ ನಡೆಯುವ ಹೊತ್ತಿನಲ್ಲಿ ಈ ಹುಡುಗರು ಕೆಲಸದಲ್ಲಿರುತ್ತಿದ್ದರು. ಇನ್ನೊಂದು ತೊಡಕು ಆಡಳಿತದ್ದು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದುದರಿಂದ ಮಂಗಳೂರು-ಉಡುಪಿ ಕಡೆಯಿಂದ ಬಂದ ಹುಡುಗ ಊರಲ್ಲಿ ಓದಿದ್ದು ಒಂದು ವ್ಯವಸ್ಥೆಯ ಪುಸ್ತಕವನ್ನು, ಮುಂಬಯಿಯಲ್ಲಿ ಕಟ್ಟಬೇಕಾಗಿದ್ದುದು ಇನ್ನೊಂದು ವ್ಯವಸ್ಥೆಯ ಪರೀಕ್ಷೆಯನ್ನು.

ಈ ಹುಡುಗರಿಗಾಗಿಯೇ ಬೆಳೆದದ್ದು ಕನ್ನಡಿಗರ ರಾತ್ರಿ ಶಾಲೆಗಳು. ರಾತ್ರಿ ಶಾಲೆಯ ಕಲ್ಪನೆ ಪಶ್ಚಿಮ ಭಾರತದಲ್ಲಿ ಮೊದಲೇ ಬೇರೂರಿತ್ತು: ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1855ರಲ್ಲೇ ಪುಣೆಯಲ್ಲಿ ದುಡಿಯುವವರಿಗಾಗಿ ಇಂಥ ಶಾಲೆ ನಡೆಸಿದ್ದರು, ಮುಂಬಯಿಯಲ್ಲಿ ಪ್ರಾರ್ಥನಾ ಸಮಾಜವೂ 1911ರಲ್ಲಿ ಎನ್.ಎಂ. ಜೋಶಿಯವರು ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗೂ ಕಾರ್ಮಿಕರ ಕೇರಿಗಳಲ್ಲಿ ರಾತ್ರಿ ತರಗತಿಗಳನ್ನು ನಡೆಸಿದವು. ಕನ್ನಡಿಗರಲ್ಲಿ ಈ ಕೆಲಸಕ್ಕೆ ಕೈಹಾಕಿದವು ಬಹುಮಟ್ಟಿಗೆ ಸಮುದಾಯದ ಸಂಘಗಳು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಉಚಿತ ವಾಚನಾಲಯದೊಂದಿಗೆ ಉಚಿತ ರಾತ್ರಿ ಶಾಲೆಯನ್ನೂ ನಡೆಸಿತು. 1927ರಲ್ಲಿ ಹುಟ್ಟಿದ ಬಂಟರ ಸಂಘ, 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಕೂಡ ಅದೇ ದಾರಿ ಹಿಡಿದವು, ಬಿಲ್ಲವರ ಶಾಲೆಗೆ ಗುರು ನಾರಾಯಣರ ಹೆಸರು ಬಂದಿತು. ಸಂಘಗಳು ಜಾತಿಯ ಹೆಸರಿನಲ್ಲಿ ಕಟ್ಟಿಕೊಂಡವಾದರೂ ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬೇರೆ ಬೇರೆ ಜಾತಿಯ ಹುಡುಗರು ಬಂದು ಕೂರುವಂತೆ ರಾತ್ರಿ ಶಾಲೆ ತೆರೆದುಕೊಂಡಿತೆಂಬುದು ಅವುಗಳ ಹಿರಿಮೆ.

ಈ ಶಾಲೆಗಳ ನಡೆವಳಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾತ್ರಿ ಶಾಲೆಗೆ ಸಾಮಾನ್ಯವಾಗಿ ಸ್ವಂತ ಕಟ್ಟಡವಿರುತ್ತಿರಲಿಲ್ಲ. ಹಗಲಿನಲ್ಲಿ ಪಾಲಿಕೆಯ ಶಾಲೆಯೋ ಖಾಸಗಿ ಶಾಲೆಯೋ ನಡೆಯುವ ಕೋಣೆಗಳನ್ನು ಸಂಜೆ ಆರೂವರೆಯ ಸುಮಾರಿಗೆ ಬಿಡಿಸಿಕೊಂಡು ಒಂಬತ್ತೂವರೆಯ ತನಕ ಪಾಠ ಮಾಡುವುದು ವಾಡಿಕೆ. ಹಗಲು ಆ ಬೆಂಚುಗಳಲ್ಲಿ ಆರೇಳು ವರ್ಷದ ಮಕ್ಕಳು ಕೂರುತ್ತಿದ್ದರೆ ರಾತ್ರಿ ಅವೇ ಬೆಂಚುಗಳಲ್ಲಿ ಮೀಸೆ ಮೂಡಿದ ತರುಣರು ಮೊಣಕಾಲು ಮಡಚಿಕೊಂಡು, ಸೋಪು-ಸೋಡಾದಿಂದ ಸುಕ್ಕಾದ ಬೆರಳುಗಳಲ್ಲಿ ಪೆನ್ಸಿಲು ಹಿಡಿದು ಕೂರಬೇಕಾಗಿತ್ತು. ಸಂಜೆಯೆಂದರೆ ಹೋಟೆಲಿಗೆ ಗಿರಾಕಿಗಳು ಮುಗಿಬೀಳುವ ಹೊತ್ತು. ಆ ಹೊತ್ತಿನಲ್ಲೇ ಹುಡುಗನನ್ನು ಬಿಟ್ಟುಕೊಡಲು ಧಣಿಗಳು ಮನಸ್ಸು ಮಾಡದಿದ್ದರೆ ಶಾಲೆ ಅವನ ಪಾಲಿಗೆ ಇದ್ದೂ ಇಲ್ಲದಂತೆ. ಕೆಲವು ಹೋಟೆಲುಗಳಲ್ಲಿ ರಾತ್ರಿ ಶಾಲೆಗೆ ಹೋಗುವ ಹುಡುಗರಿಗೆ ಬೆಳಗಿನ ಪಾಳಿ ಕೊಡುವ ಪದ್ಧತಿ ಬೆಳೆಯಿತು. ಧಣಿಯೂ ಅದೇ ಬಗೆಯ ಶಾಲೆಯಿಂದ ಮೇಲೆ ಬಂದವನಾಗಿದ್ದರೆ ಆ ಅನುಮತಿ ಸುಲಭವಾಗಿ ಸಿಗುತ್ತಿತ್ತು. ಶಿಕ್ಷಕರಲ್ಲಿ ಹಲವರು ಹಗಲು ಬೇರೆಡೆ ಕಲಿಸಿ ಅಥವಾ ಕಚೇರಿಯಲ್ಲಿ ದುಡಿದು ಸಂಜೆ ಇಲ್ಲಿಗೆ ಬರುವವರು. ಎರಡು ಶಾಲೆಗಳಲ್ಲಿ ದುಡಿಯುವ ಇಂಥವರನ್ನು ಮಹಾರಾಷ್ಟ್ರದ ಶಿಕ್ಷಣ ಇಲಾಖೆಯ ಮಾತಿನಲ್ಲಿ ‘ದುಬಾರ್’ ಶಿಕ್ಷಕರೆಂದು ಕರೆಯುತ್ತಾರೆ. ಹಾಜರಿ ಕರೆಯುವಾಗ ಬಾರದ ಹುಡುಗ ಯಾವ ಹೋಟೆಲಿನವನು, ಇಂದು ಯಾಕೆ ಬಂದಿಲ್ಲ, ಯಾರಿಗೆ ಹೇಳಿದರೆ ನಾಳೆ ಬಂದಾನು ಎಂಬುದನ್ನು ಬಲ್ಲವರು ಅವರು. ಈ ಬಲ್ಲತನವೇ ರಾತ್ರಿ ಶಾಲೆಯ ಬೆನ್ನೆಲುಬಾಗಿತ್ತು.

ಆದರೂ ಎಲ್ಲರಿಗೂ ರಾತ್ರಿ ಶಾಲೆ ಕೈಗೆಟುಕಲಿಲ್ಲ. ಪಾಳಿ ಬದಲಾದವರು, ಪಾಠದ ನಡುವೆಯೇ ಊರಿಗೆ ಹೋಗಿ ಬಂದವರು, ವಯಸ್ಸು ಮೀರಿದವರು ಖಾಸಗಿಯಾಗಿ ಎಸ್.ಎಸ್.ಸಿ. ಪರೀಕ್ಷೆಗೆ ಕೂರುವ ದಾರಿ ಹಿಡಿಯುತ್ತಿದ್ದರು. ಅದಕ್ಕೆ ತುಂಬಬೇಕಾದ ಅರ್ಜಿ ಮಹಾರಾಷ್ಟ್ರದಲ್ಲಿ ‘17 ನಂಬರ್ ಫಾರ್ಮ್’ ಎಂದೇ ಮನೆಮಾತು. ಮುಂದೆ ಓದಬೇಕೆನ್ನುವವರಿಗೆ ಅಂಚೆಯ ಮೂಲಕ ಶಿಕ್ಷಣ ಬಂದಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅಂದರೆ ಮುದ್ರಿತ ಪಾಠಗಳನ್ನು ಟಪಾಲಿನಲ್ಲಿ ಕಳುಹಿಸಿ, ಉತ್ತರಗಳನ್ನು ತರಿಸಿಕೊಂಡು ತಿದ್ದಿ, ವರ್ಷದ ಕೊನೆಗೆ ಪರೀಕ್ಷೆ ನಡೆಸುವ ಪದ್ಧತಿ. ಮುಂಬಯಿ ವಿಶ್ವವಿದ್ಯಾಲಯವೂ 1971ರಲ್ಲಿ ತನ್ನ ಪತ್ರ ಶಿಕ್ಷಣ ವಿಭಾಗವನ್ನು ತೆರೆಯಿತು. ವಯಸ್ಕರಿಗೆ, ಓದುವ ರೂಢಿಯಿದ್ದವರಿಗೆ ಇದು ದೊಡ್ಡ ಉಪಕಾರ. ಅಕ್ಷರವನ್ನೇ ಇನ್ನೂ ಕೂಡಿಸಿ ಓದುತ್ತಿರುವ ಮಗುವಿಗೆ ಟಪಾಲಿನಲ್ಲಿ ಬಂದ ಪಾಠದಿಂದ ಏನೂ ಆಗದು. ಆ ಕಾಗದವನ್ನು ಓದಿ ಹೇಳುವ ಹಿರಿಯರು ಪಕ್ಕದಲ್ಲಿರಬೇಕು. ದೂರಶಿಕ್ಷಣವನ್ನು ಮಕ್ಕಳಿಗೆ ಹೊಂದಿಸುವಾಗಲೆಲ್ಲ ಎದುರಾಗುವ ಗಂಟು ಇದೇ.

ಧ್ವನಿಯನ್ನೂ ಚಿತ್ರವನ್ನೂ ಮನೆಗೆ ತಲುಪಿಸುವ ಯಂತ್ರಗಳು ಬಂದಾಗ ಈ ಗಂಟು ಬಿಚ್ಚೀತೆಂಬ ಆಸೆ ಹುಟ್ಟಿದ್ದು ಸಹಜ. ಶಾಲೆ ಮುಚ್ಚಿದಾಗ ಇಡೀ ನಗರದ ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಹೇಳಿದ ಹೆಸರಾಂತ ಉದಾಹರಣೆ ಅಮೆರಿಕದ ಶಿಕಾಗೋದ್ದು. 1937ರ ಸೆಪ್ಟೆಂಬರ್‌ನಲ್ಲಿ ಪೋಲಿಯೋ ಹಬ್ಬಿದ್ದರಿಂದ ಅಲ್ಲಿ ಶಾಲೆಗಳ ಆರಂಭ ಮುಂದಕ್ಕೆ ಹೋದಾಗ ಮೂರರಿಂದ ಎಂಟನೆಯ ತರಗತಿಯವರೆಗಿನ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹದಿನೈದು ನಿಮಿಷಗಳ ಪಾಠಗಳನ್ನು ಸ್ಥಳೀಯ ರೇಡಿಯೋ ಕೇಂದ್ರಗಳು ಬಿತ್ತರಿಸಿದವು. ಆಯಾ ದಿನದ ಪಾಠದ ವಿವರ, ಪ್ರಶ್ನೆ, ಮನೆಗೆಲಸಗಳನ್ನು ಪತ್ರಿಕೆಗಳು ಅಚ್ಚು ಹಾಕಿದವು. ತಂದೆತಾಯಿಗಳು ದೂರವಾಣಿಯಲ್ಲಿ ವಿಚಾರಿಸಿದರೆ ಉತ್ತರಿಸಲು ಶಿಕ್ಷಕರನ್ನೂ ಕೂರಿಸಲಾಗಿತ್ತು. ರೇಡಿಯೋ ಇಲ್ಲದ ಮನೆಗಳ ಮಕ್ಕಳು, ಧ್ವನಿ ಸ್ಪಷ್ಟವಾಗಿ ಕೇಳಿಸದವರು, ಪಾಠದ ವೇಗಕ್ಕೆ ಹೊಂದಿಕೊಳ್ಳಲಾಗದವರು ಆಗಲೂ ಹಿಂದೆ ಬಿದ್ದರು. 2020ರಲ್ಲಿ ಹೊಸತೆಂಬಂತೆ ಚರ್ಚೆಯಾದ ದೂರುಗಳಲ್ಲಿ ಬಹಳಷ್ಟು ಅಲ್ಲಿ ಆಗಲೇ ಕೇಳಿಬಂದಿದ್ದವು.

ಭಾರತದಲ್ಲಿ ಈ ದಿಕ್ಕಿನ ದೊಡ್ಡ ಪ್ರಯೋಗ ‘ಸೈಟ್’, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದ ಯೋಜನೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗಾಗಿ ಕನ್ನಡವೂ ಸೇರಿದಂತೆ ನಾಲ್ಕು ಭಾಷೆಗಳಲ್ಲಿ ತಲಾ ಇಪ್ಪತ್ತೆರಡೂವರೆ ನಿಮಿಷಗಳ ಪಾಠ. ಈ ಮಕ್ಕಳ ವಿಜ್ಞಾನ ಕಾರ್ಯಕ್ರಮಗಳು ತಯಾರಾದದ್ದು ಮುಂಬಯಿಯಲ್ಲಿದ್ದ ಇಸ್ರೋದ ಸ್ಟುಡಿಯೋದಲ್ಲಿ. ಮುಂಬಯಿಯಲ್ಲಿ ತಯಾರಾದ ಪಾಠ ಕನ್ನಡದ ಮಾತಿನೊಂದಿಗೆ ರಾಯಚೂರಿನ ಹಳ್ಳಿಯ ಶಾಲೆಗೆ ತಲುಪುವುದು 1975ರಲ್ಲೇ ಸಾಧ್ಯವಾಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ನೋಡುವುದು ಒಳಿತು.

ಮಹಾಮಾರಿಯ ಮುನ್ನಾದಿನದಲ್ಲಿ ಮುಂಬಯಿಯ ಕನ್ನಡ ಶಿಕ್ಷಣದ ಚಿತ್ರ ಸಾಕಷ್ಟು ಬದಲಾಗಿತ್ತು. 1982ರ ಜನವರಿ 18ರಂದು ಆರಂಭವಾದ ಜವಳಿ ಗಿರಣಿಗಳ ಮುಷ್ಕರ ಕಾರ್ಮಿಕರ ಕೇರಿಗಳನ್ನೇ ಕಲಕಿಬಿಟ್ಟಿತು. 2006ರ ಅಕ್ಟೋಬರ್‌ನಲ್ಲಿ ಹೋಟೆಲು ಮತ್ತು ಮನೆಗೆಲಸಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದಕ್ಕೆ ನಿಷೇಧ ಬಂದಿತು. ಇದು ಬರಬೇಕಾಗಿದ್ದ ಕಾನೂನೇ, ತಡವಾಗಿ ಬಂತೆಂಬುದಷ್ಟೇ ಬೇಸರ. ಹೋಟೆಲು ಹುಡುಗರು ಕಡಿಮೆಯಾದಂತೆ ರಾತ್ರಿ ಶಾಲೆಗಳೂ ಸೊರಗಿದವು, ಕೆಲವು ಮುಚ್ಚಿದವು. 2017ರ ಮೇ ತಿಂಗಳಲ್ಲಿ ದುಬಾರ್ ಶಿಕ್ಷಕರನ್ನು ಕೈಬಿಡುವಂತೆ ಹೊರಟ ಸರ್ಕಾರಿ ಆದೇಶ ಉಳಿದ ರಾತ್ರಿ ಶಾಲೆಗಳನ್ನೂ ನಡುಗಿಸಿತು. ತುಳುನಾಡಿನಿಂದ ಬಂದು ನೆಲೆಯೂರಿದ ಕುಟುಂಬಗಳ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಸರಿದಿದ್ದರು, ವಡಾಲದ ಎನ್.ಕೆ.ಇ.ಎಸ್., ಚೆಂಬೂರು ಕರ್ನಾಟಕ ಹೈಸ್ಕೂಲುಗಳಂಥ ಕನ್ನಡಿಗರ ಹಳೆಯ ಸಂಸ್ಥೆಗಳಿಗೂ ಈ ಒಲವಿನ ಬಿಸಿ ತಟ್ಟಿತ್ತು. ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುವ ಅಪರೂಪದ ಸಂಸ್ಥೆ. ಅದರ ಕನ್ನಡ ಶಾಲೆಗಳಿಗೆ ಈಗ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯಿಂದ ಕಟ್ಟಡ ಕೆಲಸ, ರಸ್ತೆ ಕೆಲಸ, ಮನೆಗೆಲಸಗಳಿಗಾಗಿ ಬಂದವರ ಮಕ್ಕಳು. 1975ರಲ್ಲಿ ಯಾರ ಹಳ್ಳಿಗಳಿಗೆ ಉಪಗ್ರಹ ಪಾಠ ಹೇಳಿತ್ತೋ ಅದೇ ಸೀಮೆಯವರ ಮುಂದಿನ ಪೀಳಿಗೆಗಳು ಇವು.

2020ರ ಮಾರ್ಚ್‌ನಲ್ಲಿ ಬಂದ ತಡೆ ಒಂದೊಂದೇ ಹೆಜ್ಜೆ ಇಟ್ಟು ಬಂದಿತು. ಮೊದಲು ನಗರಗಳ ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯ ಕೊನೆಯ ಪ್ರಶ್ನೆಪತ್ರಿಕೆಯಾಗಿ ಮಾರ್ಚ್ 23ರಂದು ನಡೆಯಬೇಕಿದ್ದ ಭೂಗೋಳದ ಪರೀಕ್ಷೆ ಮುಂದಕ್ಕೆ ಹೋಗಿ, ಏಪ್ರಿಲ್‌ನಲ್ಲಿ ರದ್ದೇ ಆಯಿತು. ಲೋಕಲ್ ರೈಲುಗಳು ನಿಂತವು. 25ರಿಂದ ದೇಶವೇ ಮುಚ್ಚಿಕೊಂಡಿತು. ಲೋಕಲ್ ನಿಂತದ್ದು ಶಾಲೆಗಳಿಗೆ ತಟ್ಟಿದ ಬಗೆ ಹೊರಗಿನವರಿಗೆ ಒಡನೆ ಹೊಳೆಯಲಾರದು. ಮುಂಬಯಿಯ ಶಿಕ್ಷಕರಲ್ಲಿ ಬಹಳ ಮಂದಿ ವಸಯಿ-ವಿರಾರ್, ಕಲ್ಯಾಣ್, ಡೊಂಬಿವಲಿಗಳಲ್ಲಿ ಮನೆ ಮಾಡಿಕೊಂಡವರು. ಧಾರಾವಿಯಲ್ಲೋ ವಡಾಲದಲ್ಲೋ ಇರುವ ತಮ್ಮ ತರಗತಿಯ ಮಕ್ಕಳ ಮನೆಗೆ ಹೋಗಿ ವಿಚಾರಿಸುವ ದಾರಿ ಅವರಿಗೆ ಇಲ್ಲವಾಯಿತು. ಹತ್ತಿರವಿದ್ದವರಲ್ಲಿ ಎಷ್ಟೋ ಜನರಿಗೆ ರೇಷನ್ ಹಂಚಿಕೆ, ಸಮೀಕ್ಷೆ ಮುಂತಾದ ಕೋವಿಡ್ ಕರ್ತವ್ಯ ಬಿದ್ದಿತು. ಶಿಕ್ಷಕರ ಕೈಯಲ್ಲಿ ಉಳಿದದ್ದು ಹಾಜರಿ ಪುಸ್ತಕದಲ್ಲಿ ಬರೆದಿಟ್ಟ ಪೋಷಕರ ಫೋನ್ ನಂಬರು. ಅದರಲ್ಲಿ ಕೆಲವು ಬದಲಾಗಿದ್ದವು, ಕೆಲವಕ್ಕೆ ರೀಚಾರ್ಜ್ ಆಗಿರಲಿಲ್ಲ.

ರಾಜ್ಯ ಸರ್ಕಾರದ ಶೈಕ್ಷಣಿಕ ಸಂಶೋಧನಾ ಸಂಸ್ಥೆ ಏಪ್ರಿಲ್‌ನಿಂದಲೇ ‘ಶಾಲೆ ಮುಚ್ಚಿದೆ, ಆದರೆ ಶಿಕ್ಷಣ ಇದೆ’ ಎಂಬ ಅರ್ಥದ ಮರಾಠಿ ಹೆಸರಿನಲ್ಲಿ ದಿನಕ್ಕೊಂದು ಅಭ್ಯಾಸಮಾಲೆಯನ್ನು ವಾಟ್ಸ್‌ಆ್ಯಪ್ ಮೂಲಕ ಹಂಚತೊಡಗಿತು. ಜೂನ್ 15ರಿಂದ ಹೊಸ ಶೈಕ್ಷಣಿಕ ವರ್ಷ ಆನ್‌ಲೈನಿನಲ್ಲೇ ಆರಂಭವಾಯಿತು. ಕೇಂದ್ರ ಸರ್ಕಾರ ಜುಲೈ 14ರಂದು ಹೊರಡಿಸಿದ ‘ಪ್ರಜ್ಞತಾ’ ಮಾರ್ಗಸೂಚಿ ಎಂಟನೆಯ ತರಗತಿಯವರೆಗೆ ದಿನಕ್ಕೆ ಮೂವತ್ತರಿಂದ ನಲವತ್ತೈದು ನಿಮಿಷಗಳ ಎರಡು ಪಾಠಗಳಿಗಿಂತ ಹೆಚ್ಚು ಬೇಡವೆಂದಿತು. ಜುಲೈ 20ರಿಂದ ಸಹ್ಯಾದ್ರಿ ದೂರದರ್ಶನದಲ್ಲಿ ‘ಟಿಲಿಮಿಲಿ’ ಎಂಬ ಕಾರ್ಯಕ್ರಮ ಬಂದಿತು: ಒಂದರಿಂದ ಎಂಟನೆಯ ತರಗತಿಯವರೆಗೆ ತಲಾ 60ರಂತೆ 480 ಕಂತುಗಳು. ಮನೆಯವರೊಂದಿಗೆ ಕೂಡಿ ಮಾಡಿ ಕಲಿಯುವ ಚಟುವಟಿಕೆಗಳನ್ನೇ ಮುಖ್ಯವಾಗಿಟ್ಟುಕೊಂಡ ಇದು ಯೋಚಿಸಿ ಕಟ್ಟಿದ ಕಾರ್ಯಕ್ರಮ. ಆದರೆ ಅದರ ಭಾಷೆ ಮರಾಠಿ. ಕರ್ನಾಟಕವೂ ಅದೇ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಪಾಠ ಆರಂಭಿಸಿತು. ಆದರೆ ಆ ಪಾಠಗಳ ಆಧಾರ ಕರ್ನಾಟಕದ ಪಠ್ಯ. ಮುಂಬಯಿಯ ಕನ್ನಡ ಮಾಧ್ಯಮದ ಮಗು ಓದುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ, 1967ರಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ ಅಚ್ಚು ಹಾಕುವ ಕನ್ನಡ ಪುಸ್ತಕವನ್ನು. ಅಂದರೆ ಒಂದು ವಾಹಿನಿಯಲ್ಲಿ ಅದರ ಪಠ್ಯವಿತ್ತು, ಭಾಷೆಯಿರಲಿಲ್ಲ. ಇನ್ನೊಂದರಲ್ಲಿ ಭಾಷೆಯಿತ್ತು, ಪಠ್ಯವಿರಲಿಲ್ಲ. ಹಿಂದೆ ಮದ್ರಾಸ್ ಪ್ರಾಂತ್ಯದ ಪುಸ್ತಕ ಓದಿ ಮುಂಬಯಿಯ ಪರೀಕ್ಷೆಗೆ ಕೂರಬೇಕಾಗಿದ್ದ ಹುಡುಗನ ಪಾಡೇ ಬೇರೆ ವೇಷದಲ್ಲಿ ಮರಳಿತ್ತು. ಅಕ್ಕಲಕೋಟೆ, ಜತ್ತ ಮೊದಲಾದ ಗಡಿ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳದೂ ಇದೇ ಕಥೆ. ಈ ಮಕ್ಕಳ ಸಂಖ್ಯೆ ಸಣ್ಣದೆಂಬ ಸಮಾಧಾನ ಆಡಳಿತಕ್ಕೆ ಸಾಕಾಗಬಹುದು. 1975ರಲ್ಲೇ ಮುಂಬಯಿಯ ಸ್ಟುಡಿಯೋದಿಂದ ಕನ್ನಡ ಮಕ್ಕಳಿಗೆ ಪಾಠ ಹೊರಟಿದ್ದನ್ನು ಬಲ್ಲವರಿಗೆ ಅದು ಸಾಕಾಗದು.

ಹೀಗಾಗಿ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಪಾಠದ ಭಾರವೆಲ್ಲ ಬಿದ್ದದ್ದು ಆಯಾ ತರಗತಿಯ ಶಿಕ್ಷಕಿಯ ಮೇಲೆ, ಆಕೆಯ ಫೋನಿನ ಮೇಲೆ. ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಫೋಟೋ ತೆಗೆದು ಗುಂಪಿಗೆ ಹಾಕುವುದು. ಪದ್ಯವನ್ನು ತಾನೇ ಓದಿ ಧ್ವನಿ ಸಂದೇಶವಾಗಿ ಕಳುಹಿಸುವುದು. ಮಕ್ಕಳು ಬರೆದ ನೋಟುಪುಸ್ತಕದ ಹಾಳೆಯ ಫೋಟೋ ಬಂದಾಗ ಅದರ ಮೇಲೆ ಬೆರಳಿನಿಂದಲೇ ಕೆಂಪು ಗೆರೆ ಎಳೆದು ತಿದ್ದಿ ಹಿಂದಕ್ಕೆ ಕಳುಹಿಸುವುದು. ಟಪಾಲಿನ ಪಾಠದಲ್ಲಿ ಉತ್ತರ ಬರೆದು ಕಳುಹಿಸಿ, ತಿದ್ದಿ ಬಂದುದನ್ನು ನೋಡಿಕೊಳ್ಳುತ್ತಿದ್ದ ಪದ್ಧತಿಗೂ ಇದಕ್ಕೂ ವೇಗವೊಂದೇ ವ್ಯತ್ಯಾಸ. ನೇರ ತರಗತಿಗೆ ಬೇಕಾಗುವ ಡೇಟಾ, ಅಂದರೆ ಇಂಟರ್ನೆಟ್ಟಿನ ದಿನದ ಪಡಿ, ಈ ಮನೆಗಳಲ್ಲಿ ಸಾಲುತ್ತಿರಲಿಲ್ಲ. ವೀಡಿಯೋ ಒಂದಿಷ್ಟು ಓಡುವಷ್ಟರಲ್ಲಿ ಅದು ತೀರಿಹೋಗುತ್ತಿತ್ತು. ಹತ್ತಡಿ ಉದ್ದ ಹತ್ತಡಿ ಅಗಲದ ಖೋಲಿಯಲ್ಲಿ ಅಡುಗೆ, ನಿದ್ದೆ, ಟಿವಿ, ಎರಡು ಮೂರು ಮಕ್ಕಳ ಪಾಠ ಎಲ್ಲವೂ ನಡೆಯಬೇಕು.

ಇದಕ್ಕಿಂತ ದೊಡ್ಡ ತೊಡಕು ಫೋನು ಯಾರ ಕಿಸೆಯಲ್ಲಿದೆ ಎಂಬುದು. ಬಡ ಮನೆಗಳಲ್ಲಿ ಇಂಟರ್ನೆಟ್ಟಿರುವ ಫೋನು ಒಂದೇ; ಅದು ತಂದೆಯದು. ಲಾಕ್‌ಡೌನ್ ಸಡಿಲವಾಗಿ ಆತ ಕೆಲಸಕ್ಕೆ ಹೊರಟೊಡನೆ ಮಗುವಿನ ಶಾಲೆಯೂ ಅವನೊಂದಿಗೆ ಬೆಳಿಗ್ಗೆ ಮನೆಯಿಂದ ಹೊರಟುಹೋಗುತ್ತಿತ್ತು. ಇದನ್ನು ಕಂಡುಕೊಂಡ ಶಿಕ್ಷಕರು ಪಾಠದ ಹೊತ್ತನ್ನೇ ಬದಲಾಯಿಸಿದರು: ತಂದೆ ಮರಳುವ ಸಂಜೆ ಏಳು, ಎಂಟು ಗಂಟೆಯ ನಂತರ ಮನೆಗೆಲಸ ಕಳುಹಿಸುವುದು, ಆಗಲೇ ಕರೆ ಮಾಡಿ ಮಗುವಿನಿಂದ ಓದಿಸುವುದು ಮುಂಬಯಿಯ ಎಷ್ಟೋ ಶಾಲೆಗಳಲ್ಲಿ ರೂಢಿಯಾಯಿತು. ಯಾರೂ ಆದೇಶಿಸದೆ, ಯಾರೂ ಹಳೆಯದನ್ನು ನೆನೆಯದೆ, ಬಡವರ ಮಕ್ಕಳ ಶಾಲೆ ಮತ್ತೆ ರಾತ್ರಿ ಶಾಲೆಯ ಹೊತ್ತಿಗೇ ಬಂದು ನಿಂತಿತು. ಹಿಂದೆ ಧಣಿ ಬಿಟ್ಟರೆ ಪಾಠ. ಈಗ ತಂದೆಯ ಪಾಳಿ ಮುಗಿದರೆ ಪಾಠ. ಶಿಕ್ಷಕರಿಗೆ ಹಗಲು ಇಲಾಖೆಯ ವರದಿ, ರಾತ್ರಿ ಮಕ್ಕಳು. ಈ ದುಡಿಮೆಗೆ ಯಾವ ಸರ್ಕಾರಿ ದಾಖಲೆಯಲ್ಲೂ ತಕ್ಕ ಜಾಗ ಸಿಕ್ಕಿಲ್ಲ.

ಅಷ್ಟು ಮಾಡಿದರೂ ಪಾಠ ತಲುಪಿದ ಮಕ್ಕಳು ಕಡಿಮೆಯೇ. 2021ರ ಆಗಸ್ಟ್‌ನಲ್ಲಿ ಹದಿನೈದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ನಡುವೆ ನಡೆದ ಸಮೀಕ್ಷೆಯಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮತ್ತು ಸಂಗಡಿಗರು ಕಂಡಂತೆ, ನಿಯಮಿತವಾಗಿ ಆನ್‌ಲೈನ್ ಕಲಿಯುತ್ತಿದ್ದವರು ನಗರಗಳಲ್ಲಿ ಶೇ. 24, ಹಳ್ಳಿಗಳಲ್ಲಿ ಶೇ. 8 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ಮುಂಬಯಿಯ ಕನ್ನಡ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು. ಏಕೆಂದರೆ 2020ರ ಮೇ ತಿಂಗಳಿಂದ ಅವರಲ್ಲಿ ಬಹಳ ಮಂದಿ ನಗರ ಬಿಟ್ಟು ಊರು ಸೇರಿದ್ದರು. ಉಡುಪಿ, ಮಂಡ್ಯ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಹಿಂದಿರುಗಿದವರನ್ನು ಆ ದಿನಗಳಲ್ಲಿ ‘ಮುಂಬಯಿಯಿಂದ ಬಂದವರು’ ಎಂದು ಬೊಟ್ಟುಮಾಡಿ ತೋರಿಸುತ್ತಿದ್ದ ನೋವು ಇನ್ನೂ ಹಸಿಯಾಗಿದೆ. ಅವರನ್ನು ಹದಿನಾಲ್ಕು ದಿನ ಇರಿಸಿದ ಕ್ವಾರಂಟೈನ್ ಕೇಂದ್ರಗಳಲ್ಲಿ ಹಲವು ಶಾಲೆ, ಹಾಸ್ಟೆಲುಗಳೇ ಆಗಿದ್ದವು. ಮುಂಬಯಿಯಲ್ಲಿ ಶಾಲೆಯ ಬಾಗಿಲು ಮುಚ್ಚಿಸಿಕೊಂಡ ಮಕ್ಕಳು ಊರಿನಲ್ಲಿ ಶಾಲೆಯ ಕೋಣೆಯಲ್ಲೇ ಮಲಗಿ ಎದ್ದರು, ಆದರೆ ಅಲ್ಲಿ ಪಾಠವಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಕರ್ನಾಟಕ ಆರಂಭಿಸಿದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರೇ ಕೇರಿಗೆ ಬಂದು ಗುಡಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಸಣ್ಣ ಗುಂಪುಗಳಿಗೆ ಕಲಿಸಿದರು. ಹಳೆಯ ಕೂಲಿಮಠದ ಜಗುಲಿ ಸರ್ಕಾರಿ ಶಾಲೆಯ ಸಮಾನತೆಯೊಂದಿಗೆ ಮರಳಿ ಬಂದಂತಿದ್ದ ಈ ಯೋಜನೆ ಆ ಕಾಲದ ಯತ್ನಗಳಲ್ಲೆಲ್ಲ ಮಕ್ಕಳಿಗೆ ಅತಿ ಹತ್ತಿರವಾದುದು. ಸೋಂಕಿನ ಅಂಜಿಕೆಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿ, ಮರುವರ್ಷದ ಜನವರಿಯಲ್ಲಿ ಮತ್ತೆ ಆರಂಭಿಸಲಾಯಿತು.

ಮುಂಬಯಿಯಲ್ಲಿ ಎಂಟರಿಂದ ಹನ್ನೆರಡನೆಯ ತರಗತಿಗಳು 2021ರ ಅಕ್ಟೋಬರ್ 4ರಂದು ತೆರೆದವು. ಸಣ್ಣ ತರಗತಿಗಳು ಡಿಸೆಂಬರ್ 15ರಂದು ತೆರೆದರೂ ಮೂರನೆಯ ಅಲೆಯಿಂದಾಗಿ ಜನವರಿಯ ಮೊದಲ ವಾರದಲ್ಲೇ ಮುಚ್ಚಿ, 2022ರ ಜನವರಿ 24ರಂದು ಮತ್ತೆ ಆರಂಭವಾದವು. ಊರಿನಿಂದ ಮರಳಿದ ಕುಟುಂಬಗಳ ಮಕ್ಕಳು ಮತ್ತೆ ಸೇರಿದರು. ಕೆಲವರು ಅಲ್ಲೇ ಉಳಿದರು. ಹದಿಮೂರು ಹದಿನಾಲ್ಕು ದಾಟಿದ ಕೆಲವರು ದುಡಿಮೆಗೆ ಇಳಿದು, ಎಸ್.ಎಸ್.ಸಿ. ಮುಗಿಸಬೇಕೆಂದರೆ ಮತ್ತೆ ಆ 17 ನಂಬರಿನ ಫಾರ್ಮನ್ನೋ ಉಳಿದಿರುವ ರಾತ್ರಿ ಶಾಲೆಗಳನ್ನೋ ಹುಡುಕಬೇಕಾದ ಸ್ಥಿತಿಗೆ ಬಂದರು.

ಈ ಅವಧಿಯ ಇತಿಹಾಸವನ್ನು ಬರೆಯುವವರಿಗೆ ಒಂದು ಅಡಚಣೆ ಕಾದಿದೆ. ಹಳೆಯ ರಾತ್ರಿ ಶಾಲೆಗಳು ಹಾಜರಿ ಪುಸ್ತಕಗಳನ್ನೂ, ಸಂಘಗಳು ಬೆಳ್ಳಿಹಬ್ಬ ಸುವರ್ಣಹಬ್ಬಗಳ ಸ್ಮರಣ ಸಂಚಿಕೆಗಳನ್ನೂ ಬಿಟ್ಟುಹೋಗಿವೆ; ಯಾರು ಕಲಿಸಿದರು, ಯಾರು ಕಲಿತರು ಎಂಬುದನ್ನು ಅವುಗಳಿಂದ ಇಂದಿಗೂ ಹೆಕ್ಕಿ ತೆಗೆಯಬಹುದು. 2020-21ರ ಪಾಠಗಳೆಲ್ಲ ಶಿಕ್ಷಕಿಯರ ಸ್ವಂತ ಫೋನುಗಳಲ್ಲಿವೆ. ಫೋನು ತುಂಬಿದಾಗ, ಕೆಟ್ಟಾಗ, ಬದಲಾದಾಗ ಅಳಿಸಿಹೋಗುವುದೂ ಮೊದಲು ಅವೇ. ಮುಂಬಯಿಯ ಕನ್ನಡ ಸಂಘಗಳು ತಮ್ಮ ವಾಚನಾಲಯಗಳಲ್ಲಿ ಹಳೆಯ ಸಂಚಿಕೆಗಳನ್ನು ಕಾಪಾಡಿಕೊಂಡು ಬಂದಿವೆ. 1978ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ ಇದೆ. ಪಾಲಿಕೆಯ ಕನ್ನಡ ಶಾಲೆಗಳ ಶಿಕ್ಷಕಿಯರಿಂದ ಆ ಧ್ವನಿ ಸಂದೇಶಗಳನ್ನೂ ತಿದ್ದಿದ ಹಾಳೆಗಳ ಚಿತ್ರಗಳನ್ನೂ ಮಕ್ಕಳ ಹೆಸರು ಮರೆಮಾಡಿ ಕೇಳಿ ಪಡೆಯುವ ಕೆಲಸವನ್ನು ಇವುಗಳಲ್ಲಿ ಯಾವುದಾದರೊಂದು ಕೈಗೆತ್ತಿಕೊಳ್ಳಬೇಕು, ಅದೂ ಆ ಶಿಕ್ಷಕಿಯರು ನಿವೃತ್ತರಾಗಿ ಚದುರಿಹೋಗುವ ಮೊದಲೇ.